ಬೆಕ್ಕಿಗೆ ಹೋ ಹೋ ಎಂದವರು

ಅಥವಾ ಬೆಕ್ಕಿನ ಬಾವು ಬಲ ದವಡೆಗೇ ಇತ್ತೋ ಏನೋ. ಅವ್ವ ಬಲ ಎನ್ನುತ್ತಾಳೆ, ನನಗೆ ಎಡ ಎಂದೇ ನೆನಪು. ಅದರ ಜೊತೆ ಫೋನಿನಲ್ಲಿ ತೆಗೆದುಕೊಂಡ ಸೆಲ್ಫಿಯನ್ನೂ ನಂಬುವಂತಿಲ್ಲ, ಅದು ಎಡಬಲ ತಿರುಗಿಸುತ್ತದೆ. ನಮ್ಮ ಎಳೆ ಬೆಕ್ಕಿನ ದವಡೆಯ ಎಲುಬಿಗೆ ಕೀವು ಇಳಿದು, ಅದು ಹಾಲನ್ನೂ ಮುಟ್ಟದೆ ಸಾಯುವಂತಾಗಿತ್ತು ಎಂಬುದಷ್ಟೇ ಖಚಿತ. ಯಲವಿಗಿಯಿಂದ ಬುಟ್ಟಿಯಲ್ಲಿಟ್ಟುಕೊಂಡು ಸವಣೂರಿನ ದನದ ಡಾಕ್ಟರ ಹತ್ತಿರ ಓಡಿದೆವು.

ಯಾವ ದನ ತಂದರೂ ಅವರು ಮೊದಲು ಬಾಯಿ ಮೂಸುತ್ತಿದ್ದರು. ಬೆಕ್ಕಿನದನ್ನೂ ಮೂಸಿದರು.

"ಎಲುಬಿನ ಚೂರು ಒಳಗ ಸತ್ತು ಕುಂತೈತಿ. ತಗದ್ರ ಉಳದೀತು. ನೋಡೂಣಂತ."

"ಎತ್ತಿನ ಹಲ್ಲು ಕೀಳೂ ಕೈರಿ ಅದು, ಇದರ ಬಾಯಾಗ ಹಿಡಿಸ್ತೈತೇನ್ರಿ?" ಎಂದಳು ಅವ್ವ.

"ಬೆರಳು ಸಣ್ಣ ಮಾಡ್ಕೊಂತೇನ್ರಿ ಅಕ್ಕಾರ. ನೋಡೂಣಂತ."

ಮಂಪರಿನ ಸೂಜಿ ಚುಚ್ಚಿದಾಗ ಬೆಕ್ಕು ಕಾಲು ಝಾಡಿಸಿತು. ಅವರು ಎತ್ತನ್ನು ನಿಲ್ಲಿಸುವ ದನಿಯಲ್ಲಿ "ಹೋ... ಹೋ..." ಎಂದರು. ಅಂಗೈಯಗಲದ ಬೆಕ್ಕಿಗೆ! ನನಗೆ ನಗು, ಅವ್ವನಿಗೆ ಸಿಟ್ಟು. ಬೆಕ್ಕು ಮಲಗಿದ ಮೇಲೆ ಒಸಡು ಸೀಳಿದರು, ಅಲುಗುತ್ತಿದ್ದ ಹಲ್ಲು ಕಿತ್ತರು, ಕೀವು ತೊಳೆದರು. ಆಮೇಲೆ ಚಿಮಟದ ತುದಿಯಲ್ಲಿ ಅಕ್ಕಿಕಾಳಿನಷ್ಟು ಕಂದು ಎಲುಬು!

"ಬಂತ್ ನೋಡ್ರೀ!" ಎಂದು ಅವರು ಕೂಗಿದ ರಭಸಕ್ಕೆ ಅವ್ವ ಚಪ್ಪಾಳೆಯನ್ನೇ ತಟ್ಟಿಬಿಟ್ಟಳು.

ಹೊಲಿಗೆ ಹಾಕಿ ಮುಗಿಸಿದಾಗ ಕೇಳಿದೆ: "ಬೆಕ್ಕಿನ ದವಡಿ ಮೊದಲ ಕೊಯ್ದಿದ್ರೇನ್ರಿ ಸರ?" ಅವರು ಕೈ ತೊಳೆಯುತ್ತ ನಕ್ಕರು, ಅಷ್ಟೇ.

ಮರುದಿನ ಅವ್ವ ಬೆರಳಿಗೆ ಹಾಲು ಹಚ್ಚಿಕೊಂಡು, ತನಗೇ ತಿಳಿಯದಂತೆ "ಹೋ... ಹೋ..." ಎಂದಳು. ಬೆಕ್ಕು ಬೆರಳು ನೆಕ್ಕಿತು.

ಅದು ಅವರು ಕೊಯ್ದ ಮೊದಲ ಬೆಕ್ಕೋ ಅಲ್ಲವೋ ನನಗೆ ಗೊತ್ತಿಲ್ಲ.