ಒಂದು ಹಿಡಿ ಸರಕಾರಿ ಗೊಬ್ಬರ

ಮೇಡ್ಲೇರಿಯಲ್ಲಿ ನಾವು ಯೂರಿಯಾಕ್ಕೆ ಇವತ್ತಿಗೂ ಸರಕಾರಿ ಗೊಬ್ಬರ ಎನ್ನುತ್ತೇವೆ. ಗೋವಿನಜೋಳ ಹಳದಿಗೆ ತಿರುಗಿದರೆ ಬುಡಕ್ಕೆ ಹಾಕುವುದು, ವಾರದಲ್ಲಿ ಪೈರು ಹಸಿರೇರಿ ಕರ್ರಗಾಗುವುದು. ಎರಡನೇ ಇಯತ್ತೆ ಓದಿದ ನನಗೆ ಇಷ್ಟು ತಿಳಿದದ್ದೇ ಸಾಕಾಗಿತ್ತು.

ಹಾವೇರಿಯಲ್ಲಿ ಎಂ.ಎಸ್ಸಿ. ಓದುವ ಮೊಮ್ಮಗಳು ರಜೆಗೆ ಬರುವಾಗ ಆರು ಗಾಜಿನ ಬಾಟಲಿ ತಂದಳು. ಹೊಳೆ ದಂಡೆಯ ಕೆಸರು ತಂದು ಒಲೆಯ ಮೇಲಿಟ್ಟಳು.

"ಕೆಸರಿನ ಸಾರು ಮಾಡಾಕತ್ತೀಯೇನ?"

"ಗ್ಯಾಸ್ ತಿನ್ನೋ ಹುಳ ಸಾಯಲಿ ಅಂತ, ಆಯಿ. ಕಣ್ಣಿಗೆ ಕಾಣಂಗಿಲ್ಲ ಅವು. ಗ್ಯಾಸ್ ಮಾಡೋವು ಗಟ್ಟಿ, ಕುದಿಸಿದ್ರೂ ಉಳೀತಾವು."

ಆ ಕೆಸರಿಗೆ ಗೋವಿನಜೋಳದ ಗಂಜಿ ಬೆರೆಸಿ, ಗಾಳಿಯಾಡದಂತೆ ಮುಚ್ಚಿ, ಮುಚ್ಚಳಕ್ಕೆ ಸಿಕ್ಕಿಸಿದ ನಳಿಗೆಯ ತುದಿಯನ್ನು ನೀರಿಗೆ ಬಿಟ್ಟಳು. ಗಂಜಿ ಹುಳಿಯಾದಂತೆ ಹೈಡ್ರೋಜನ್ ಬರಬೇಕು. ಅದು ಉರಿದರೆ ಹೊಗೆಯಿಲ್ಲ, ನೀರಾಗುತ್ತದಂತೆ. ಆದರೆ ಬಂದದ್ದು ಆಗೊಂದು ಈಗೊಂದು ಗುಳ್ಳೆ. ರಜೆ ಮುಗಿಯುವುದರೊಳಗೆ ಸರಿಯಾಗದಿದ್ದರೆ ಅವಳಿಗೆ ಕಲಿಸುವ ಮೇಡಂ ಪ್ರಯೋಗದ ವಿಷಯವನ್ನೇ ಬದಲಿಸುತ್ತಾರೆ, ಒಂದು ವರ್ಷ ನೀರುಪಾಲು.

"ಏನ ಕಡಿಮಿ ಬಿದ್ದೈತಿ?"

"ಸಾರಜನಕ. ನಿನ್ನ ಸರಕಾರಿ ಗೊಬ್ಬರದಾಗ ಇರತೈತಲ್ಲ, ಅದ."

ಇಷ್ಟೇನಾ ಎಂದುಕೊಂಡೆ. ಅವಳು ಜಳಕಕ್ಕೆ ಹೋದಾಗ ಒಂದು ಬಾಟಲಿಗೆ ಒಂದು ಹಿಡಿ ಹಾಕಿ ಮುಚ್ಚಿಬಿಟ್ಟೆ. ಮರುದಿನ ಅದರಲ್ಲಿ ಗುಳ್ಳೆಯೇ ಇಲ್ಲ. ಮುಚ್ಚಳ ತೆಗೆದರೆ ಗಂಜಲ ನಿಂತ ಕೊಟ್ಟಿಗೆಯ ನಾತ, ಮೂಗು ಉರಿಯುವಷ್ಟು.

"ಯಾರ ಏನ ಹಾಕಿದ್ರು ಇದಕ್ಕ?"

"ನಾನಽ. ಒಂದು ಹಿಡಿ."

"ಹಿಡಿ! ಇದೇನ ಹೊಲ ಏನ ಆಯಿ? ಹುಳದ ಹೊಟ್ಟಿ ಎಷ್ಟಿರತೈತಿ?" ಅತ್ತೇಬಿಟ್ಟಳು.

ತಪ್ಪು ನನ್ನದೇ. ಆದರೆ ತಲೆ ಸವರುವುದು ನನಗೆ ಬರುವುದಿಲ್ಲ. "ಅತ್ತರ ಗುಳ್ಳಿ ಬರಂಗಿಲ್ಲ. ಇನ್ನೂ ಐದು ಅದಾವಲ್ಲ," ಎಂದು ಎಮ್ಮೆಗೆ ಶೇಂಗಾ ಹಿಂಡಿ ನೆನೆಹಾಕಲು ಎದ್ದೆ. ಕೈ ಬಕೆಟ್ಟಿನಲ್ಲಿರುವಾಗಲೇ ಹೊಳೆಯಿತು.

"ಈದ ಎಮ್ಮಿಗೆ ಯೂರಿಯಾ ತಿನ್ನಸ್ತೇವೇನ? ಹಿಂಡಿ ಕೊಡ್ತೇವಿ. ನಿನ್ನ ಹುಳಕ್ಕೂ ಅದನ್ನಽ ಕೊಟ್ಟ ನೋಡು."

ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. ಹಿಂಡಿಯಲ್ಲೂ ಸಾರಜನಕವಿದೆ, ಹುಳಕ್ಕೆ ದಕ್ಕುವ ರೂಪದಲ್ಲಿದೆ ಎಂದಳು. ಹಿಂಡಿ ನೆನೆದ ನೀರು ಸೋಸಿ, ನಾಲ್ಕು ಬಾಟಲಿಗೆ ಕುದಿಸಿದ ಕೆಸರು, ಹೊಸ ಗಂಜಿ ತುಂಬಿ, ಒಂದಕ್ಕೆ ಒಂದು ಚಮಚ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ನಾಲ್ಕು ಹಾಕಿದಳು. ಹೋಲಿಸಿ ನೋಡಲು ಒಂದಕ್ಕೆ ಏನೂ ಹಾಕಲಿಲ್ಲ.

ಮೂರನೇ ದಿನ ಎರಡು ಚಮಚದ್ದು ಅಕ್ಕಿ ಕುದಿದಂತೆ ಗುಳಗುಳ ಎನ್ನುತ್ತಿತ್ತು. ನಾಲ್ಕು ಚಮಚದ್ದು ಅದರ ಹಿಂದೆಯೇ ಉಳಿಯಿತು. ಬೆರೆತ ಬೇರೆ ಗ್ಯಾಸ್ ಕಳೆಯಲು ಅದನ್ನು ಸುಣ್ಣದ ನೀರಿನಲ್ಲಿ ಹಾಯಿಸಿ, ಸಾಬೂನಿನ ಗುಳ್ಳೆಗೆ ತುಂಬಿ ಕಡ್ಡಿ ಗೀರಿ ಹಿಡಿದಳು. ಟಪ್ ಎಂದಿತು. "ಹೈಡ್ರೋಜನ್ನs ಆಯಿ!" ಎಂದು ಅವಳು ಕುಣಿದಳು, ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಪುಸ್ತಕದಲ್ಲಿ ಎಲ್ಲ ಬರೆದಳು, ಕೆಟ್ಟ ಬಾಟಲಿಯನ್ನೂ.

"ನನ್ನ ತಪ್ಪ ಯಾಕ ಬರೀತಿ?"

"ಹೆಚ್ಚಾದ್ರ ನಿಂತಽ ಬಿಡತೈತಿ ಅಂತ ತಿಳೀತಲ್ಲ, ಆಯಿ."

ಫೋನಿನಲ್ಲಿ ಮೇಡಂ ವಿಷಯ ಬದಲಿಸುವುದು ಬೇಡ, ಇನ್ನೂ ಮೂರು ಸಲ ಮಾಡಿ ತೋರಿಸು ಎಂದರಂತೆ. ಮಾತು ಮುಗಿಯುವ ಮೊದಲೇ ಬಕೆಟ್ ಹಿಡಿದು ಕೆಸರಿಗೆ ಹೊರಟಿದ್ದಳು, ಬರಿಗಾಲಲ್ಲಿ.

"ಚಪ್ಪಲಿ ಮೆಟ್ಕೊಂಡ ಹೋಗ! ದಂಡ್ಯಾಗ ಜಾಲಿ ಮುಳ್ಳ ಅದಾವು," ಎಂದು ಕೂಗಿದೆ.