ಯರ್ಬನ ಗಿಟಾರಿನ ಮೆಟ್ಟುಗಳು

ಮಗುವಾದ ಮೇಲೆ ತೆಸ್ಲೇಮ್‌ಳ ಕಿವಿ ಬೇಡವೆನ್ನುವಷ್ಟು ಚುರುಕಾಗಿತ್ತು. ಕೂಸು ಉಮ್ಮು ತೊಟ್ಟಿಲಲ್ಲಿ ಮಗ್ಗುಲು ಬದಲಿಸಿದರೆ ಅಡುಗೆಮನೆಯಲ್ಲಿದ್ದವಳಿಗೆ ಕೇಳಿಸುತ್ತಿತ್ತು. ಸದ್ದೇ ಇಲ್ಲದಿದ್ದರೆ ಇನ್ನೂ ಕಷ್ಟ, ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ಓಡಿಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು.

"ಹಿಂಗೆ ಗಳಿಗೆಗೊಂದು ಸಲ ಮುಟ್ತಾ ಇದ್ರೆ ಆ ಕೂಸಿನ ಮೂಗು ಸವೆದೇ ಹೋಗುತ್ತೆ ಕಣೇ" ಎನ್ನುತ್ತಿದ್ದಳು ಅತ್ತೆ ಸೆಲೇಖಾ. "ಶಾಲೆ ಕಲಿತ ಹುಡುಗೀರೆಲ್ಲ ಹಿಂಗೇನಾ? ನಾನೂ ಎರಡು ಹೆತ್ತಿಲ್ವಾ?"

ಹೆತ್ತ ಎರಡರಲ್ಲಿ ಮನೆಯಲ್ಲಿದ್ದದ್ದು ಒಂದು, ತೆಸ್ಲೇಮ್‌ಳ ಗಂಡ ಹಮ್ಮಾದಿ. ಇನ್ನೊಬ್ಬ ಯರ್ಬ ಎರಡು ಚಳಿಗಾಲದ ಹಿಂದೆ ನುವಾದಿಬುವಿನ ಕಡಲತೀರದಿಂದ ಮೀನುದೋಣಿಯೊಂದರಲ್ಲಿ ಕೆಮ್ಮುತ್ತಲೇ ಬಿಳಿಯರ ನಾಡಿಗೆಂದು ಹೊರಟವನು, ಕೇರಿಯ ಬೇರೆ ಹುಡುಗರ ಜೊತೆ. ಆಮೇಲೆ ಅವನದಾಗಲಿ, ಆ ಹುಡುಗರದಾಗಲಿ ಸುದ್ದಿಯಿಲ್ಲ. ದೋಣಿಯಲ್ಲಿ ಜಾಗವಿಲ್ಲವೆಂದು ಗಿಟಾರನ್ನು ಮನೆಯಲ್ಲೇ ಬಿಟ್ಟಿದ್ದ. ಅವನದೇ ನೀಲಿ ನಿಲುವಂಗಿಯಲ್ಲಿ ಸುತ್ತಿ ಸೆಲೇಖಾ ಅದನ್ನು ತನ್ನ ಹಾಸಿಗೆಯ ತಲೆದೆಸೆಗೆ ನೇತುಹಾಕಿದ್ದಳು.

ಮರಳುಗಾಡಿನ ರಾಜಧಾನಿ ನುವಾಕ್‌ಶೋತ್‌ನ ಕ್ಸಾರ್ ಕೇರಿಯಲ್ಲಿ ಅವರದು ಹಾಡಿಕೆಯ ಮನೆ. ತೆಸ್ಲೇಮ್ ಕೂಡ ಅಂಥದೇ ಮನೆಯಿಂದ ಬಂದವಳು. ಫ್ರೆಂಚ್ ಶಾಲೆಯಲ್ಲಿ ಓದಿ ಟೀಚರಾಗಬೇಕೆಂದುಕೊಂಡಿದ್ದರೂ ಗಂಟಲು ಅವಳನ್ನು ಮದುವೆ ಡೇರೆಗಳಿಗೇ ಎಳೆದುಕೊಂಡು ಹೋಗಿತ್ತು. ಅವಳು ಹಾಡುವುದು, ಹಮ್ಮಾದಿ ಗಿಟಾರು ನುಡಿಸುವುದು, ಬದುಕು ಸಾಗುವುದೇ ಅದರಲ್ಲಿ.

ಆ ವಾರ ಗಾಳಿಯಲ್ಲಿ ಧೂಳು ತುಂಬಿ ಮಧ್ಯಾಹ್ನವೇ ದೀಪ ಹಚ್ಚುವಂತಾಗಿತ್ತು. ಬುತಿಲಿಮಿತ್‌ನಿಂದ ಬರುವಾಗ ಕಾರಿನ ಡಿಕ್ಕಿಯ ಕಾವಿಗೆ ಹಮ್ಮಾದಿಯ ಗಿಟಾರಿನ ದಂಡಿ ಉದ್ದಕ್ಕೂ ಸೀಳಿತ್ತು. ಗುರುವಾರ ಮದುವೆ. ಮೂರು ತಲೆಮಾರಿನಿಂದ ಇವರ ಮನೆಯವರನ್ನೇ ಕರೆಸುತ್ತಿದ್ದ ಮನೆತನದ ಮದುವೆ. ಒಂದು ಸಲ ತಪ್ಪಿಸಿಕೊಂಡರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ, ಅಲ್ಲಿ ಕಾಲಿಡಲು ಬೇರೆ ಹಾಡುಗಾರರು ಕಾದೇ ಇದ್ದರು. ಊರಲ್ಲಿ ಗಿಟಾರು ಇದ್ದವರೆಲ್ಲ ಅದೇ ಗುರುವಾರ ಬೇರೆ ಮದುವೆಗಳಲ್ಲಿ ನುಡಿಸುವವರಿದ್ದರು, ಎರವಲು ಸಿಗುವಂತಿರಲಿಲ್ಲ.

"ಯರ್ಬನದು ಇದೆಯಲ್ಲ" ಎಂದ ಹಮ್ಮಾದಿ, ತಾಯಿಯ ಮುಖ ನೋಡದೆ.

"ನುಡಿಸು. ಬೇಡ ಅಂದವರ್ಯಾರು? ಮೆಟ್ಟು ಮಾತ್ರ ಮುಟ್ಟಬೇಡ."

ಕಷ್ಟವಿದ್ದದ್ದೇ ಅಲ್ಲಿ. ಪರದೇಶದಿಂದ ಬರುವ ಗಿಟಾರಿನ ಮೆಟ್ಟುಗಳು, ಅಂದರೆ ದಂಡಿಯ ಮೇಲಿನ ಲೋಹದ ಪಟ್ಟಿಗಳು, ಪರದೇಶದ ಹಾಡಿಗೆಂದೇ ಕೂಡಿಸಿದವು. ಇಲ್ಲಿಯವರ ರಾಗದ ಸ್ವರ ಎರಡು ಮೆಟ್ಟುಗಳ ನಡುವೆ ಎಲ್ಲೋ ಇರುತ್ತದೆ. ಅದಕ್ಕೇ ಇಲ್ಲಿ ಯಾರೇ ಗಿಟಾರು ಕೊಂಡರೂ ಕೆಲವು ಮೆಟ್ಟುಗಳನ್ನು ಕೀಳಿಸಿ, ನಡುವೆ ಹೊಸವನ್ನು ಕೂಡಿಸುತ್ತಾರೆ, ಅದನ್ನೇ ಕೊಯ್ಯುವುದು ಎನ್ನುತ್ತಾರೆ. ಒಮ್ಮೆ ಕೊಯ್ದ ಗಿಟಾರಿನಲ್ಲಿ ಪರದೇಶದ ಹಾಡು ಹೊರಡುವುದಿಲ್ಲ. ಕಡಲ ಬದಿಯ ಹೋಟೆಲಿನಲ್ಲಿ ಬಿಳಿಯರಿಗಾಗಿ ನುಡಿಸುತ್ತಿದ್ದ ಯರ್ಬ ತನ್ನದನ್ನು ಕೊಯ್ಯಲು ಬಿಟ್ಟಿರಲಿಲ್ಲ. "ಕೊಯ್ದ ಗಿಟಾರನ್ನ ಆ ದಡದಲ್ಲಿ ಯಾರೂ ಮೂಸಲ್ಲ. ಹಿಂಗೇ ಇಟ್ಟಿರಿ, ತಲುಪಿದ ಮೇಲೆ ತರಿಸ್ಕೊಳ್ತೀನಿ" ಎಂದು ಹೇಳಿ ಹೋಗಿದ್ದ.

ಕೊಯ್ಯದೆಯೇ ನುಡಿಸಿ ನೋಡಿದರು. ತೆಸ್ಲೇಮ್ ಅವರ ಹಾಡಿಕೆಯಲ್ಲಿ 'ಕಪ್ಪು ದಾರಿ' ಎನ್ನುವ ಬಗೆಯ ರಾಗ ಹಿಡಿದು ಮೇಲಕ್ಕೆ ಹೋದಳು. ಅವಳ ದನಿ ಹೋದ ಕಡೆ ಗಿಟಾರು ಬರಲಿಲ್ಲ, ಪಕ್ಕದಲ್ಲೇ ನಿಂತು ಬೇರೇನೋ ಅಂದಿತು. ಹಮ್ಮಾದಿ ತಂತಿಯನ್ನು ಬದಿಗೆಳೆದು ಸ್ವರವನ್ನು ಜಗ್ಗಿದ. ನಿಧಾನದಲ್ಲಿ ಹೇಗೋ ನಡೆಯಿತು, ಲಯ ಏರುತ್ತಿದ್ದಂತೆ ಎರಡೂ ಒಂದನ್ನೊಂದು ಕಚ್ಚತೊಡಗಿದವು. ಮಗು ಕಿರುಚಿ ಅಳತೊಡಗಿತು. ಸೆಲೇಖಾ ಒಂದು ಕಾಲದಲ್ಲಿ ಆರ್ದೀನ್ ಎಂಬ ತಂತಿವಾದ್ಯ ನುಡಿಸಿ ಹೆಸರಾದವಳು, ಯರ್ಬ ಹೋದಂದಿನಿಂದ ಅದನ್ನು ಮುಟ್ಟಿರಲಿಲ್ಲ. ಅವಳು ಮುಸುಕನ್ನು ಕಿವಿಯ ಮೇಲೆ ಎಳೆದುಕೊಂಡಳು.

"ಸಾಕು, ನಿಲ್ಸು. ಕತ್ತೆ ಒದೆಸಿಕೊಂಡಂಗಿದೆ."

"ಹಾಗಾದ್ರೆ ಕೊಯ್ಸೋಣ, ಅಮ್ಮ."

"ಅದನ್ನ ಕೊಯ್ಯೋದೂ ಒಂದೇ, ಅವನಿಗೆ ಗುಂಡಿ ತೋಡೋದೂ ಒಂದೇ" ಎಂದು ಅವಳು ಎದ್ದುಹೋದಳು.

ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದಿದ್ದ ಮಾತು ಅದು. ಆ ಗಳಿಗೆಯಿಂದ ತೆಸ್ಲೇಮ್‌ಗೆ ಎಲ್ಲದರಲ್ಲೂ ಕೇಡೇ ಕಾಣತೊಡಗಿತು. ಗಾಳಿಗೆ ಕದ ಬಡಿದರೆ ಯಾರೋ ಸುದ್ದಿ ತಂದರೆಂದು ಬೆಚ್ಚುವಳು. ಮಗುವಿನ ಹಣೆ ಸ್ವಲ್ಪ ಬೆಚ್ಚಗಿದ್ದರೂ, ಕಾಣೆಯಾದವನ ಸೊತ್ತಿಗೆ ಆಸೆಪಟ್ಟಿದ್ದಕ್ಕೇ ಹೀಗಾಯಿತೇನೋ ಎಂದುಕೊಳ್ಳುವಳು.

"ಬೇರೆ ಏನಾದ್ರೂ ದಾರಿ ನೋಡ್ರಿ" ಎಂದಳು ಗಂಡನಿಗೆ.

"ಯಾವ ದಾರಿ? ನೀನು ಹಾಡು, ನಾನು ಡಬ್ಬ ಬಡೀತೀನಿ. ಆಗುತ್ತಾ?"

ಮರುದಿನ ಹಮ್ಮಾದಿ ಯಾರಿಗೂ ಹೇಳದೆ ಇಸ್ಸೆಲ್ಮುವನ್ನು ಕರೆದುಕೊಂಡು ಬಂದ. ಇಸ್ಸೆಲ್ಮು ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವವನು, ಗಿಟಾರು ಕೊಯ್ಯುವುದೂ ಅವನದೇ ಕೆಲಸ. ಆ ಹೊತ್ತಿಗೆ ಸೆಲೇಖಾ ಪರದೆಯ ಆಚೆ ನಮಾಜಿನಲ್ಲಿದ್ದಳು. ತೆಸ್ಲೇಮ್ ಚಹಾ ಕಾಸಲು ಕುಳಿತಳು. ಇಸ್ಸೆಲ್ಮು ಸುತ್ತಿದ್ದ ನೀಲಿ ನಿಲುವಂಗಿಯನ್ನು ಬಿಚ್ಚಿ ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಂಡು, ಮೆಟ್ಟುಗಳ ಮೇಲೆ ಹೆಬ್ಬೆರಳಾಡಿಸಿದ.

"ಕನ್ಯೆ ಕಣಯ್ಯ ಇದು! ಇಂಥದ್ದು ನೋಡಿ ಎಷ್ಟು ಕಾಲ ಆಯ್ತು. ಯಾರದು?"

"ಮನೇದು."

"ಮನೆ ನುಡಿಸುತ್ತಾ? ಯಾರದು ಅಂದೆ."

"ಯರ್ಬನದು" ಎಂದ ಹಮ್ಮಾದಿ.

ಇಸ್ಸೆಲ್ಮು ಇಕ್ಕಳವನ್ನು ಡಬ್ಬಿಗೆ ಹಾಕಿದ. "ನೋಡು ತಮ್ಮ, ನಾನು ಎಲ್ಲರಿಗೂ ಹೇಳೋದು ಒಂದೇ. ಬದುಕಿರೋನದಾದ್ರೆ ಅವನ ಒಪ್ಪಿಗೆ ಬೇಕು. ಸತ್ತೋನದಾದ್ರೆ ಅವನ ತಾಯಿ ಮಾತು ಸಾಕು. ಕಾಣೆಯಾದೋನದಾದ್ರೆ ಸತ್ತ ಅಂತ ಕಾಜಿ ಹೇಳೋವರೆಗೂ ಅದು ಬೆಂಕಿ. ಕೊಯ್ದ ಮೇಲೆ ಮತ್ತೆ ಹೊಲಿಯೋಕೆ ಇದೇನು ಬಟ್ಟೆನಾ? ನಾಳೆ ಅವನು ಬಂದು ನಿಂತ್ರೆ ನಾನೇನು ಹೇಳ್ಲಿ?"

"ಒಪ್ಪಿಗೆ ಇದೆ" ಎಂದ ಹಮ್ಮಾದಿ.

"ಯಾರದು?"

"ಅವನದೇ. ಫೋನ್ ಮಾಡಿದ್ದ. ಕೊಯ್ಸು ಅಂದ."

ಚಹಾ ಹೊಯ್ಯುತ್ತಿದ್ದ ತೆಸ್ಲೇಮ್‌ಳ ಕೈ ಅಲ್ಲೇ ನಿಂತಿತು. ಗಂಡನ ಕಣ್ಣು ಅವಳನ್ನು ಬೇಡುತ್ತಿತ್ತು, ಸುಮ್ಮನಿರು ಎಂದು. ಅಷ್ಟರಲ್ಲಿ ಪರದೆ ಸರಿಯಿತು. ಜಪಮಾಲೆ ಹಿಡಿದು ಸೆಲೇಖಾ ನಿಂತಿದ್ದಳು.

"ಯಾವಾಗ?"

"ಶುಕ್ರವಾರ, ಅಮ್ಮ. ಪೇಟೆಯಲ್ಲಿದ್ದೆ. ಮಾತಾಡ್ತಾ ಇದ್ದಂಗೇ ಕಟ್ಟಾಯ್ತು. ಮತ್ತೆ ಮಾಡಿದಾಗ ಹೇಳೋಣ ಅಂತ..."

"ಕೆಮ್ಮು?"

"ಆಂ?"

"ಅವನ ಕೆಮ್ಮು ಹೇಗಿದೆ ಅಂತ ಕೇಳಿದೆ."

"ವಾಸಿಯಾಗಿದೆ" ಎಂದ ಹಮ್ಮಾದಿ, ದನಿ ಪೂರಾ ಇಳಿದಿತ್ತು.

ಸೆಲೇಖಾ ನಿಧಾನವಾಗಿ ಚಾಪೆಯ ಮೇಲೆ ಕುಳಿತಳು. ತಾನು ಮದುವೆಯಾಗಿ ಬಂದ ಹೊಸದರಲ್ಲಿ ನೋಡಿದ್ದ ಅತ್ತೆಯ ಆ ಬೆಳಗಿದ ಮುಖ ಮತ್ತೆ ಬಂದದ್ದನ್ನು ಕಂಡು ತೆಸ್ಲೇಮ್‌ಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಈಗಲೇ ಹೇಳಬೇಕು, ಈಗಲೇ, ಎಂದು ಅವಳ ಒಳಗೆ ಯಾರೋ ತಳ್ಳುತ್ತಿದ್ದರು. ಆದರೆ ಆ ಮುಖದ ಬೆಳಕನ್ನು ನಂದಿಸುವುದು ಹೇಗೆ?

"ಅವನೇ ಅಂದ ಮೇಲೆ ಇನ್ನೇನು? ಕೊಯ್ಯಪ್ಪ" ಎಂದಳು ಸೆಲೇಖಾ.

ಇಕ್ಕಳ ಕಚ್ಚಿದ ಕಡೆ ಒಂದೊಂದು ಮೆಟ್ಟೂ ಕಿರ್ರೆಂದು ಸದ್ದು ಮಾಡಿ ಮೇಲೆದ್ದಿತು. ಅದರ ಜೊತೆ ಮರದ ಸಿಬಿರು ಎದ್ದುಬರುತ್ತಿತ್ತು. ದಂಡಿಯ ಮೇಲೆ ಉಳಿದ ಖಾಲಿ ಗೀರುಗಳನ್ನು ನೋಡಲಾರದೆ ತೆಸ್ಲೇಮ್ ಮಗುವನ್ನೆತ್ತಿಕೊಂಡು ಅಂಗಳಕ್ಕೆ ಹೋದಳು. ಸದ್ದು ಅಲ್ಲಿಗೂ ಬಂತು.

ಗುರುವಾರ ಡೇರೆಯಲ್ಲಿ ಅವಳ ದನಿಯೂ ಗಿಟಾರೂ ಒಂದೇ ಗಂಟಲಿನಿಂದ ಬಂದಂತೆ ಕೂಡಿದವು. ಜನ ಎದ್ದು ನಿಂತು ಕೂಗಿದರು. ಹಿಂದೆ ಕುಳಿತ ಸೆಲೇಖಾ ಆರ್ದೀನ್ ನುಡಿಸುತ್ತಿದ್ದಳು. ಇಷ್ಟು ಚೆನ್ನಾಗಿ ಕೂಡಿಬರಬಾರದಾಗಿತ್ತು ಎಂದುಕೊಂಡಳು ತೆಸ್ಲೇಮ್.

ಆ ಡೇರೆಯಲ್ಲೇ ಸೆಲೇಖಾ ಪಕ್ಕದವರ ಕಿವಿಯಲ್ಲಿ ಯರ್ಬನ ಫೋನಿನ ಸುದ್ದಿ ಹೇಳಿರಬೇಕು. ಶನಿವಾರ ಊಟವಾಗಿ ಹಮ್ಮಾದಿ ಒಳಕೋಣೆಯಲ್ಲಿ ಗಿಟಾರು ಹಿಡಿದು ಕುಳಿತಿದ್ದಾಗ ಬಾಗಿಲಲ್ಲಿ ಹೆಂಗಸರು ಕಾಣಿಸಿಕೊಂಡರು. ಎಲ್ಲರೂ ಅದೇ ದೋಣಿಯಲ್ಲಿ ಹೋದ ಹುಡುಗರ ತಾಯಂದಿರು. ಮುಂದಿದ್ದ ವತ್ಮಳ ಕೈಯಲ್ಲಿ ಶುಭಕಾರ್ಯಕ್ಕೆ ಒಯ್ಯುವಂಥ ಸಕ್ಕರೆಯ ಗಟ್ಟಿಯಿತ್ತು.

"ಸೆಲೇಖಾ, ನಿನ್ನ ಬಾಯಿಗೆ ಸಕ್ಕರೆ ಹಾಕೋಕೇ ಬಂದೆ" ಎಂದಳು ವತ್ಮ, ಕೂರುವ ಮೊದಲೇ. "ನಮ್ಮ ಮೌಲೂದನ ಹೆಸರು ಏನಾದ್ರೂ ಎತ್ತಿದ್ನಾ?"

"ಎಲ್ಲರೂ ಒಂದೇ ಕಡೆ ಇದಾರಂತೆ" ಎಂದಳು ಸೆಲೇಖಾ. "ಮೌಲೂದನೂ ಇದಾನಂತೆ. ದಪ್ಪ ಆಗಿದಾನಂತೆ."

ಹೆಂಗಸರು ಒಬ್ಬರ ಹೆಗಲು ಒಬ್ಬರು ಹಿಡಿದು ಅತ್ತರು, ನಕ್ಕರು. ತೆಸ್ಲೇಮ್ ಅತ್ತೆಯನ್ನೇ ನೋಡಿದಳು. ಹಮ್ಮಾದಿ ಮೌಲೂದನ ಹೆಸರನ್ನೇ ಎತ್ತಿರಲಿಲ್ಲ. ಸೆಲೇಖಾ ಅವಳತ್ತ ನೋಡದೆ ಚಹಾವನ್ನು ಲೋಟದಿಂದ ಲೋಟಕ್ಕೆ ಹೊಯ್ಯುತ್ತಿದ್ದಳು, ನೊರೆ ಬರುವವರೆಗೂ, ನೊರೆ ಬಂದ ಮೇಲೂ. ಹಾಗಾದರೆ ಫೋನ್ ಸುಳ್ಳೆಂದು ಅತ್ತೆಗೆ ಗೊತ್ತಿತ್ತು. ಕೆಮ್ಮು ಹೇಗಿದೆ ಎಂದು ಕೇಳಿದಾಗಲೂ ಗೊತ್ತಿತ್ತೇನೋ.

ವತ್ಮ ಕಣ್ಣೊರೆಸಿಕೊಂಡು ಹೇಳಿದಳು: "ಇನ್ನು ನನಗೆ ಭಯ ಇಲ್ಲ. ಚಿಕ್ಕವನು ಬೆಶೀರ ಪ್ರಾಣ ತಿಂತಿದ್ದ, ನಾನೂ ಹೋಗ್ತೀನಿ ಅಂತ. ಇಷ್ಟು ದಿನ ಹಿಡ್ಕೊಂಡಿದ್ದೆ. ನಾಡಿದ್ದು ದೋಣಿ ಇದೆಯಂತೆ, ಹೋಗು ಅಂದುಬಿಟ್ಟೆ. ಅಣ್ಣನೇ ಅಲ್ಲಿರುವಾಗ ಏನು?"

ಲೋಟ ಸೆಲೇಖಾಳ ಕೈಯಲ್ಲಿ ಅರ್ಧಕ್ಕೆ ನಿಂತಿತು. ಅತ್ತೆ ಏನಾದರೂ ಹೇಳುತ್ತಾಳೆಂದು ತೆಸ್ಲೇಮ್ ಕಾದಳು. ಅತ್ತೆ ಮತ್ತೆ ಚಹಾ ಹೊಯ್ಯತೊಡಗಿದಳು. ಒಳಗೆ ಗಿಟಾರು ಹೊಸ ಮೆಟ್ಟಿನ ಮೇಲೆ ಹತ್ತಿ ಇಳಿಯುತ್ತಿತ್ತು. ತೊಡೆಯ ಮೇಲಿದ್ದ ಉಮ್ಮು ತಾಯಿಯ ಬೆರಳನ್ನು ಬಿಗಿಯಾಗಿ ಹಿಡಿದಿತ್ತು.

"ಕಳಿಸಬೇಡಿ, ವತ್ಮಕ್ಕ" ಎಂದಳು ತೆಸ್ಲೇಮ್.

"ಯಾಕೇ?"

"ಫೋನ್ ಬಂದಿಲ್ಲ."

ಯಾರಿಗೂ ಅರ್ಥವಾದಂತೆ ಕಾಣಲಿಲ್ಲ. ಅವಳೇ ಮತ್ತೊಮ್ಮೆ ಹೇಳಿದಳು. "ಯಾರೂ ಫೋನ್ ಮಾಡಿಲ್ಲ. ಮದುವೆ ತಪ್ಪಿಹೋಗುತ್ತೆ ಅಂತ ಇವರು ಹಾಗಂದ್ರು. ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ."

ಒಳಗೆ ಗಿಟಾರು ನಿಂತಿತು, ಹಮ್ಮಾದಿ ಒಳಕೋಣೆಯ ಬಾಗಿಲಿಗೆ ಬಂದ. ಹಿಂದೆ ಕುಳಿತಿದ್ದ ಹೆಂಗಸೊಬ್ಬಳು "ಅಯ್ಯೋ ದೇವರೇ" ಎಂದು ಮುಸುಕಿನಲ್ಲಿ ಬಾಯಿ ಮುಚ್ಚಿಕೊಂಡಳು. ವತ್ಮ ಮಾತ್ರ ಅಲುಗಲಿಲ್ಲ. ಅವಳ ಕಣ್ಣು ತೆಸ್ಲೇಮ್‌ಳನ್ನು ಬಿಟ್ಟು, ಹಮ್ಮಾದಿಯನ್ನು ಬಿಟ್ಟು, ಸೆಲೇಖಾಳ ಮೇಲೆ ನಿಂತಿತು. ಇಸ್ಸೆಲ್ಮು ಏನು ಕೇಳುತ್ತಾನೆಂಬುದು ಈ ಕೇರಿಯಲ್ಲಿ ಯಾರಿಗೆ ಗೊತ್ತಿಲ್ಲ? ಬದುಕಿರುವವನದಾದರೆ ಅವನ ಒಪ್ಪಿಗೆ, ಸತ್ತವನದಾದರೆ ತಾಯಿಯ ಮಾತು.

"ಹಾಗಾದ್ರೆ ಅವನ ಗಿಟಾರನ್ನ ಯಾರ ಮಾತಿನ ಮೇಲೆ ಕೊಯ್ಸಿದೆ, ಸೆಲೇಖಾ?"

ಸೆಲೇಖಾ ಚಹಾದ ಲೋಟವನ್ನು ತಟ್ಟೆಯಲ್ಲಿಟ್ಟಳು.

"ನನ್ನ ಮಾತಿನ ಮೇಲೆ" ಎಂದಳು.