ಕೊನೆಯ ಸ್ವರ ಒಂದು ಗೆರೆ ಮೇಲೆ

ನನ್ನ ಗಂಡನ ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಅವರಿಗೆ ಕುರ್ಚಿ ಹಾಕುತ್ತೇನೆ. ನಿಂತಲ್ಲೇ ಹೇಳಿ ಮುಗಿಸುವ ಉತ್ತರವಲ್ಲ ಅದು. ಸಿನಿಮಾಕ್ಕೆ ಸಂಗೀತ ಕಟ್ಟುವವರು ದೊಡ್ಡ ಹಾಳೆಯಲ್ಲಿ ಮೂವತ್ತೊಂದು ಜನ ವಾದ್ಯದವರ ಪಾಲನ್ನೂ ಒಂದರ ಕೆಳಗೊಂದು ಬರೆದಿರುತ್ತಾರೆ. ಅದನ್ನು ಬಿಡಿಸಿ, ಪಿಟೀಲಿನದು ಪಿಟೀಲಿನವರಿಗೆ, ಕೊಳಲಿನದು ಕೊಳಲಿನವರಿಗೆ ಎಂದು ಬೇರೆ ಬೇರೆ ಹಾಳೆಗಳ ಮೇಲೆ ಶಾಯಿಯಲ್ಲಿ ನಕಲು ಮಾಡುವುದು ಮಾವನ ಕಸುಬು. ಈಗ ಕಂಪ್ಯೂಟರೇ ಇದನ್ನೆಲ್ಲ ಮಾಡುತ್ತದೆ, ನಿಜ. ಆದರೆ ಅವರ ಸಂಗೀತ ನಿರ್ದೇಶಕರ ಪೆನ್ಸಿಲ್ ಬರಹ ಓದಬಲ್ಲವರು ಜಗತ್ತಿನಲ್ಲಿ ಇಬ್ಬರೇ. ಒಬ್ಬರು ಮಾವ, ಇನ್ನೊಬ್ಬರು ಬರೆದವರು, ಅದೂ ಬರೆದ ದಿನ ಮಾತ್ರ.

ವಾದ್ಯದವರೆಲ್ಲ ಮಾವನನ್ನು ಅಚ್ಚಣ್ಣ ಎನ್ನುತ್ತಾರೆ. ಅಕ್ಷರ ಅಚ್ಚು ಹಾಕಿದಂತಿರುವುದರಿಂದ ಆ ಹೆಸರು. ಹಾಳೆ ತಿರುಗಿಸುವ ಜಾಗವನ್ನು ಅವರು ಯಾವಾಗಲೂ ಆ ವಾದ್ಯ ಸುಮ್ಮನಿರುವ ಕಡೆಗೇ ತಂದು ನಿಲ್ಲಿಸುತ್ತಾರೆ, ಮೈಕಿಗೆ ಸರಪರ ಸದ್ದು ಕೇಳಬಾರದೆಂದು. ಮೂವತ್ತೈದು ವರ್ಷದಲ್ಲಿ ಒಂದೇ ಒಂದು ತಪ್ಪನ್ನೂ ಬರೆದವರಲ್ಲ, ರಬ್ಬರನ್ನೇ ಇಟ್ಟುಕೊಂಡವರಲ್ಲ ಎಂಬುದು ಸ್ಟುಡಿಯೋದಲ್ಲಿ ಅವರ ಕೀರ್ತಿ. ಆ ಕೀರ್ತಿಯನ್ನು ಅವರು ಇಸ್ತ್ರಿ ಮಾಡಿದ ಅಂಗಿಯ ಹಾಗೆ ಸುಕ್ಕಾಗದಂತೆ ಹೊತ್ತು ತಿರುಗುತ್ತಿದ್ದರು.

ಹೋದ ತಿಂಗಳು ಒಂದು ಕಟ್ಟು ಬಂತು. ಇಪ್ಪತ್ತೆರಡು ವರ್ಷದ ಹಿಂದೆ ಊರೆಲ್ಲ ಕಣ್ಣು ಒರೆಸಿಕೊಂಡು ನೋಡಿದ ಪ್ರೇಮಕಥೆಯೊಂದರ ಎರಡನೆಯ ಭಾಗದ ಸಂಗೀತ. ಮೊದಲ ಭಾಗದ ಕೊನೆಯಲ್ಲಿ ರೈಲು ನಿಲ್ದಾಣದಲ್ಲಿ ಬೇರೆಯಾದ ಹುಡುಗ ಹುಡುಗಿ ಈಗ ಅದೇ ನಿಲ್ದಾಣದಲ್ಲಿ ಮತ್ತೆ ಸಿಗುತ್ತಾರಂತೆ.

"ಇಪ್ಪತ್ತೆರಡು ವರ್ಷನಾ? ಪಾಪ, ರೈಲು ಅಷ್ಟು ಲೇಟಾ?" ಎಂದರು ಅತ್ತೆ, ನನ್ನ ಪುಟ್ಟ ಮಗಳಿಗೆ ಗಂಜಿ ಆರಿಸುತ್ತ.

ಮಾವ ನಗಲಿಲ್ಲ. ಮೊದಲ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದವರ ಮುಖ ಹುಳಿ ತಿಂದಂತಾಗಿತ್ತು.

"ಅದೇ ರಾಗ," ಎಂದರು. "ಎಲ್ಲಾ ಮೂವತ್ತೊಂದು ಜನಾನೂ ಸೇರಿ ನುಡಿಸಬೇಕಂತೆ."

ಅತ್ತೆಯ ಚಮಚ ಗಾಳಿಯಲ್ಲೇ ನಿಂತಿತು. "ಅಯ್ಯೋ ದೇವರೇ. ಸಿಕ್ಕಿಬಿದ್ರಿ ನೀವು."

ಆ ದಿನ ನನಗೆ ಈ ಮನೆಯ ಗುಟ್ಟು ತಿಳಿಯಿತು. ಮೊದಲ ಸಿನಿಮಾದಲ್ಲಿ ಆ ರಾಗವನ್ನು ನುಡಿಸಿದ್ದು ಒಂದೇ ಒಂದು ಚೆಲ್ಲೊ, ಕಾಲ ನಡುವೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ಪಿಟೀಲು. ಕೊನೆಯ ಸ್ವರ ಕೆಳಗಿಳಿದು, ನೆಲೆಗೆ ಬಂದು, ನಿಟ್ಟುಸಿರು ಬಿಟ್ಟು ಕೂರಬೇಕೆಂದು ಸಂಗೀತ ನಿರ್ದೇಶಕರು ಬರೆದಿದ್ದರು. ಗೆರೆ ಮೇಲಾದಷ್ಟೂ ಸ್ವರ ಏರುವ ಆ ಬರಹದಲ್ಲಿ ಮಾವ ಅದನ್ನು ಒಂದು ಗೆರೆ ಮೇಲೆ ಬರೆದುಬಿಟ್ಟಿದ್ದರು. ರಾಗ ಕೆಳಗಿಳಿಯಲೇ ಇಲ್ಲ. ಬಾಗಿಲವರೆಗೂ ಹೋಗಿ ತಿರುಗಿ ನೋಡಿದವರ ಹಾಗೆ ಅಲ್ಲೇ ನಿಂತಿತು. ಜನ ಅತ್ತದ್ದೇ ಆ ಜಾಗದಲ್ಲಿ. ಧ್ವನಿಮುದ್ರಣದ ಹೊತ್ತಿಗೆ ಸಂಗೀತ ನಿರ್ದೇಶಕರು ಹೊರಗೆ ಯಾರ ಜೊತೆಗೋ ದೃಶ್ಯದಲ್ಲಿ ಎರಡು ಸೆಕೆಂಡು ಕತ್ತರಿಸಿದ್ದಕ್ಕೆ ಜಗಳ ಆಡುತ್ತಿದ್ದರಂತೆ. ತಾವು ಸಂಗೀತ ಮಾಡಿದ ಸಿನಿಮಾ ತಾವು ನೋಡುವುದಿಲ್ಲ ಎಂಬುದು ಅವರ ಹಟ ಬೇರೆ. ದಾರಿಯಲ್ಲಿ ಯಾರಾದರೂ ಆ ರಾಗ ಗುನುಗಿದರೆ, "ಈ ಜನಕ್ಕೆ ಕಿವಿಯೇ ಇಲ್ಲ, ಎಲ್ಲರೂ ಒಂದೇ ಥರ ತಪ್ಪು ಹಾಡ್ತಾರೆ" ಎಂದು ಮಾವನ ಹತ್ತಿರವೇ ಬೈದುಕೊಳ್ಳುತ್ತಿದ್ದರು. ಮಾವ "ಹೌದು ಸಾರ್" ಎನ್ನುತ್ತಿದ್ದರು.

"ನಿನ್ನ ಗಂಡನಿಂದ ಆಗಿದ್ದು ಅದು," ಎಂದು ಮಾವ ನನ್ನ ಕಡೆ ತಿರುಗಿದರು. "ಹಟ ಮಾಡಿ ನನ್ನ ತೊಡೆ ಮೇಲೆ ಕೂತಿದ್ದ. ಮೊಣಕೈ ತಳ್ಳಿದ."

"ಅವನಿಗಾಗ ಎಂಟು ವರ್ಷ. ಶಾಲೆಗೆ ಹೋಗಿದ್ದ," ಎಂದರು ಅತ್ತೆ. "ನೀವು ತೂಕಡಿಸಿದ್ದು. ನಾನು ನೋಡಿದೀನಿ."

ನಕಲು ಶುರುವಾಯಿತು. ಮಾವನ ಕಣ್ಣು ಮೊದಲಿನಂತಿಲ್ಲವೆಂದು ಹಾಳೆಗೆ ಗೆರೆ ಎಳೆದುಕೊಡುವ ಕೆಲಸ ನನ್ನದು. ಮಗಳನ್ನು ಮೇಜಿನ ಕೆಳಗೆ ಡಬ್ಬಿಗಳ ಜೊತೆ ಬಿಟ್ಟು ಗೆರೆ ಎಳೆಯುತ್ತಿದ್ದೆ. ಪ್ರತಿ ಹಾಳೆಯಲ್ಲೂ ಆ ಕೊನೆಯ ಸ್ವರ ಬಂದಾಗ ಮಾವನ ಲೇಖನಿ ಒಂದು ಕ್ಷಣ ಗಾಳಿಯಲ್ಲಿ ಸುತ್ತುತ್ತಿತ್ತು, ಎಲ್ಲಿ ಕೂರಲಿ ಎಂದು ನೋಡುವ ನೊಣದ ಹಾಗೆ. ಬರೆದದ್ದನ್ನೇ ಬರೆದರೆ ಜಗತ್ತಿಗೆ ಗೊತ್ತಿರುವ ರಾಗ ಕೆಡುತ್ತದೆ. ಜಗತ್ತಿಗೆ ಗೊತ್ತಿರುವುದನ್ನು ಬರೆದರೆ ಬೇಕಂತಲೇ ತಪ್ಪು ಬರೆದಂತೆ.

"ಫೋನ್ ಮಾಡಿ ಹೇಳಿಬಿಡಿ ಮಾವ. ಒಂದು ಮಾತು, ಮುಗೀತು."

"ಹೇಳ್ತೀನಮ್ಮ, ಹೇಳ್ದೆ ಎಲ್ಲಿ ಹೋಗ್ತೀನಿ."

ಮೂರು ಸಲ ಫೋನ್ ಮಾಡಿದರು. ಒಂದು ಸಲ ಹಾಳೆ ದಪ್ಪದ್ದು ಬೇಕೋ ತೆಳ್ಳನೆಯದೋ ಎಂದು ಕೇಳಿದರು. ಎರಡನೆಯ ಸಲ ನಿರ್ದೇಶಕರ ಮಂಡಿನೋವು ವಿಚಾರಿಸಿದರು. ಮೂರನೆಯ ಸಲ ಆ ಕಡೆಯಿಂದ ಹಲೋ ಎಂದ ಕೂಡಲೇ ಇಟ್ಟುಬಿಟ್ಟರು. ಕೊನೆಗೆ ಮೂವತ್ತೊಂದು ಹಾಳೆಗಳಲ್ಲೂ ಬರೆದದ್ದನ್ನು ಬರೆದಂತೆಯೇ, ಸ್ವರವನ್ನು ಕೆಳಗೇ ಕೂರಿಸಿದರು. "ಇದ್ದದ್ದನ್ನ ಇದ್ದ ಹಾಗೆ ಬರೆಯೋದು ನನ್ನ ಕೆಲಸ," ಎಂದು ಯಾರೂ ಕೇಳದೆಯೇ ಹೇಳಿಕೊಂಡರು.

ಧ್ವನಿಮುದ್ರಣದ ದಿನ ಕಟ್ಟು ಹೊರಲು ನಾನೂ ಹೋದೆ. ಸೊಂಟದ ಮೇಲೆ ಮಗಳು, ಹೆಗಲಲ್ಲಿ ಅವಳ ಚೀಲ. ನಮ್ಮನ್ನು ಗಾಜಿನ ಗೋಡೆಯ ಈಚೆ, ಗುಂಡಿಗಳ ಮೇಜಿನ ಪಕ್ಕದ ಸೋಫಾದಲ್ಲಿ ಕೂರಿಸಿದರು. ಅಲ್ಲಿದ್ದ ಸಿನಿಮಾ ನಿರ್ದೇಶಕಿ ಮೊದಲ ಭಾಗವನ್ನು ಹತ್ತು ಸಲ ನೋಡಿ ಬೆಳೆದವಳಂತೆ. ಮಗಳಿಗೆ ತನ್ನ ಬಳೆ ತೆಗೆದು ಕೊಟ್ಟಳು. ಮಾವ ಆಚೆ ವಾದ್ಯದವರ ನಡುವೆ ಹಾಳೆ ಹಂಚಿ, ಗೋಡೆಗೆ ಒರಗಿ ನಿಂತರು.

ರಾಗ ಶುರುವಾಯಿತು. ಕೊನೆಗೆ ಮೂವತ್ತು ಜನ ಕೆಳಗಿಳಿದು ಕೂತರು. ಒಂದು ಚೆಲ್ಲೊ ಮಾತ್ರ ಮೇಲೆಯೇ ನಿಂತಿತು. ಹಲ್ಲಿನ ನಡುವೆ ಕಲ್ಲು ಸಿಕ್ಕಂತಾಯಿತು.

ಸಂಗೀತ ನಿರ್ದೇಶಕರು ಕೈ ಎತ್ತಿದರು. "ಅಜ್ಜಾ, ಕನ್ನಡಕ ಒರೆಸ್ಕೊಳ್ಳಿ."

ಅವರನ್ನು ಎಲ್ಲರೂ ಚೆಲ್ಲೊ ಅಜ್ಜ ಎನ್ನುತ್ತಾರೆ. ಮೊದಲ ಸಿನಿಮಾದಲ್ಲಿ ನುಡಿಸಿದ್ದೂ ಅವರೇ. ಒರೆಸಿಕೊಂಡರು. ಮತ್ತೆ ಅದೇ ಆಯಿತು. ಮೂರನೆಯ ಸಲವೂ ಅದೇ.

"ಕೈ ತಾನಾಗೇ ಅಲ್ಲಿಗೆ ಹೋಗತ್ತೆ ಸಾರ್," ಎಂದರು ಅಜ್ಜ. "ಇಷ್ಟು ವರ್ಷ ಹಾಗೇ ನುಡಿಸಿದೀನಿ."

"ಇಷ್ಟು ವರ್ಷ ತಪ್ಪು ನುಡಿಸಿದೀರಾ? ಜನ ಯಾರಿಂದ ಕಲ್ತ್ರು ಅಂತ ಈಗ ಗೊತ್ತಾಯ್ತು ನೋಡಿ." ನಿರ್ದೇಶಕರ ದನಿ ಏರಿತು. "ಸಾಕು. ಪಕ್ಕದ ಚೆಲ್ಲೊ ಹುಡುಗಿ ಒಬ್ಬಳೇ ನುಡಿಸ್ಲಿ. ನೀವು ಸ್ವಲ್ಪ ರೆಸ್ಟ್ ತಗೊಳ್ಳಿ."

ಅಜ್ಜ ನುಡಿಸುವುದು ಮುಗಿಯಿತೆಂಬಂತೆ ಕಮಾನಿನ ತಿರುಪನ್ನು ಸಡಿಲಿಸತೊಡಗಿದರು.

ಗೋಡೆಗೆ ಒರಗಿದ್ದ ಮಾವ ನೆಟ್ಟಗಾದರು. ನಾನು ಮಗಳನ್ನು ಬಿಗಿಯಾಗಿ ಹಿಡಿದುಕೊಂಡೆ, ಅವಳೇ ಏನೋ ಹೇಳಲು ಹೊರಟವಳ ಹಾಗೆ.

"ಅಜ್ಜಂದು ತಪ್ಪಿಲ್ಲ ಸಾರ್," ಎಂಬ ಮಾತು ಮೈಕಿನಿಂದ ಸ್ಪಷ್ಟವಾಗಿ ಕೇಳಿಸಿತು. "ಆಗ ಅವರ ಹಾಳೆಯಲ್ಲಿ ಇದ್ದಿದ್ದೇ ಹಾಗೆ. ಒಂದು ಗೆರೆ ಮೇಲೆ ಬರೆದವನು ನಾನು. ನಿದ್ದೆ ಬಂದಿತ್ತು."

ಎರಡನೆಯ ಸಾಲಿನ ಪಿಟೀಲಿನವರೊಬ್ಬರು ಬಾಯಿ ಬಿಟ್ಟುಕೊಂಡು ಮಾವನನ್ನೇ ನೋಡಿದರು. "ಅಚ್ಚಣ್ಣನಾ?" ಎಂದು ಯಾರೋ ಅಂದರು, ಸಾವಿನ ಸುದ್ದಿ ಕೇಳಿದವರ ದನಿಯಲ್ಲಿ.

ಸಂಗೀತ ನಿರ್ದೇಶಕರು ಪಿಯಾನೋದ ಹತ್ತಿರ ಹೋಗಿ ನಿಂತುಕೊಂಡೇ ತಮ್ಮ ರಾಗ ನುಡಿಸಿದರು. ಅದು ಇಳಿಯಿತು, ಕೂತಿತು. ಮತ್ತೆ ನುಡಿಸಿ, ಈ ಸಲ ಮಾವನ ಸ್ವರದ ಮೇಲೆ ಬೆರಳಿಟ್ಟು, ಸದ್ದು ಪೂರ್ತಿ ಆರುವವರೆಗೂ ತೆಗೆಯಲಿಲ್ಲ. ನನ್ನ ಪಕ್ಕದಲ್ಲಿದ್ದ ನಿರ್ದೇಶಕಿ ಗುಂಡಿ ಒತ್ತಿ ಆಚೆಯವರಿಗೆ ಕೇಳುವಂತೆ ಹೇಳಿದಳು, "ಸಾರ್, ನನಗೆ ಬೇಕಾಗಿದ್ದು ಎರಡನೇದು. ನನಗೆ ಗೊತ್ತಿರೋದೇ ಅದು."

"ನಿನ್ನನ್ನ ಯಾರು ಕೇಳಿದ್ರು?" ಎಂದರು ಅವರು, ತಿರುಗದೆ. ಆಮೇಲೆ ತಮ್ಮ ದೊಡ್ಡ ಹಾಳೆಯ ಹತ್ತಿರ ಹೋಗಿ, ರಬ್ಬರಿನಿಂದ ಕೆಳಗಿನ ಸ್ವರವನ್ನು ಉಜ್ಜಿ, ಒಂದು ಗೆರೆ ಮೇಲೆ ಬರೆದರು. ಅಜ್ಜನಿಗೆ, "ಕಮಾನು ಬಿಗಿ ಮಾಡ್ಕೊಳ್ಳಿ, ನಿಮಗ್ಯಾಕೆ ರೆಸ್ಟು" ಎಂದರು. ಮಾವನಿಗೆ, "ಮೂವತ್ತೊಂದು ಹಾಳೆ. ಅರ್ಧ ಗಂಟೆ. ತಿದ್ದಿ. ನಿದ್ದೆ ಬಂದ್ರೆ ಹೇಳಿ, ಎಬ್ಬಿಸ್ತೀನಿ."

ಶಾಯಿಯನ್ನು ಬ್ಲೇಡಿನಲ್ಲಿ ಕೆರೆಯಬೇಕಾಯಿತು. ಪಿಟೀಲಿನ ಹುಡುಗಿ ಬ್ಲೇಡ್ ಕೊಟ್ಟಳು. ನಾನು ಒಳಗೆ ಹೋಗಿ ಕೆರೆದ ಪುಡಿಯನ್ನು ಊದುವ ಕೆಲಸ ವಹಿಸಿಕೊಂಡೆ. ಮಗಳೂ ಊದಿದಳು, ಹೆಚ್ಚಾಗಿ ಜೊಲ್ಲು. ವಾದ್ಯದವರು ಸುತ್ತ ನಿಂತು ನೋಡಿದರು. "ಏನಣ್ಣ, ಇನ್ನೂ ಎಷ್ಟಿವೆ ಇಂಥವು? ನನ್ನ ಲಗ್ನಪತ್ರಿಕೆ ಬರೆದವರೂ ನೀವೇ ಅಲ್ವಾ, ಹುಡುಗಿ ಹೆಸರು ಸರಿಯಾಗಿತ್ತಾ?" ಎಂದು ಡ್ರಮ್ಮಿನವನು ಕೇಳಿದ. ಮಾವನ ಕಿವಿ ಕೆಂಪಾಗಿತ್ತು. ಆದರೆ ಲೇಖನಿ ಈ ಸಲ ಗಾಳಿಯಲ್ಲಿ ಸುತ್ತದೆ ನೇರವಾಗಿ ಒಂದು ಗೆರೆ ಮೇಲೆ ಹೋಗಿ ಕೂರುತ್ತಿತ್ತು.

ರಾಗ ಒಂದೇ ಸಲಕ್ಕೆ ಮುಗಿಯಿತು. ನಿರ್ದೇಶಕಿ ಅತ್ತಳು, ಬಳೆ ವಾಪಸ್ ಕೇಳುವುದನ್ನೂ ಮರೆತಳು. ನಾನೇ ಮಗಳ ಬಾಯಿಂದ ತೆಗೆದು, ಒರೆಸಿ ಕೊಟ್ಟೆ.

ಎಲ್ಲ ಎದ್ದು ಹೊರಡುವಾಗ ಮಾವ ಒಂದು ಹಾಳೆ ಹಿಡಿದು ಸಂಗೀತ ನಿರ್ದೇಶಕರ ಮುಂದೆ ನಿಂತರು. ಮೂವತ್ತೈದು ವರ್ಷದಲ್ಲಿ ಅವರು ಒಂದು ಅನುಮಾನವನ್ನೂ ಕೇಳಿದವರಲ್ಲ. ಕೇಳಿದರೆ ಓದಲು ಬರುವುದಿಲ್ಲ ಎಂದುಕೊಂಡಾರು ಎಂಬ ಬಿಗುಮಾನ.

"ಸಾರ್, ಆರನೇ ದೃಶ್ಯದಲ್ಲಿ, ಓಬೊ ಪಾಲಿನಲ್ಲಿ ಈ ಸ್ವರ... ಇದು ಯಾವುದು?"

ನಿರ್ದೇಶಕರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು. "ಇದು ಸ್ವರ ಅಲ್ಲ. ಕಾಫಿ ಹನಿ."

"ಓ." ಮಾವ ಹಾಳೆಯನ್ನು ವಾಪಸ್ ತೆಗೆದುಕೊಂಡರು. "ಹಾಗಾದ್ರೆ ನಾಲ್ಕನೇ ದೃಶ್ಯದಲ್ಲೂ ಇಂಥದ್ದೇ ಎರಡು ಇದ್ವಲ್ಲ..."

"ಬರೆದುಬಿಟ್ರಾ?"

"ಬರೆದಿದೀನಿ."

ಹಿಂದಿನಿಂದ ಆ ಓಬೊ ಎಂಬ ಊದುವ ವಾದ್ಯದ ಹೆಂಗಸು ಪೆಟ್ಟಿಗೆ ಮುಚ್ಚುತ್ತ ಹೇಳಿದಳು, "ನಾನು ಅಭ್ಯಾಸಾನೂ ಮಾಡ್ಕೊಂಡು ಬಂದಿದೀನಿ. ತುಂಬಾ ಕಷ್ಟ ಇದೆ ಆ ಜಾಗ."

ನಿರ್ದೇಶಕರು ಕುರ್ಚಿ ಎಳೆದುಕೊಂಡು ಕೂತರು, ಪಕ್ಕದ ಕುರ್ಚಿಯನ್ನು ಮಾವನ ಕಡೆ ತಳ್ಳಿದರು. "ನಾಲ್ಕನೇದು ತೆಗೀರಿ. ಮೊದಲಿಂದ ಎಲ್ಲಾ ಕೇಳಿ."

ನಾನು ಮಗಳ ಚೀಲದಿಂದ ಅವಳ ಊಟದ ಡಬ್ಬಿ ತೆಗೆದೆ. ಬೇಗ ಮುಗಿಯುವ ಹಾಗೆ ಕಾಣಲಿಲ್ಲ.